ಬೀದರ್ ಕೋಟೆಯಲ್ಲಿ ತೋಟ ಹುಡುಕಿದ್ದು

ಮೊದಲ ಸಲ ಬೀದರ್ ಕೋಟೆಗೆ ಹೋಗಿದ್ದು ಏಪ್ರಿಲ್‌ನ ಮಟಮಟ ಮಧ್ಯಾಹ್ನ. ತಪ್ಪು ನನ್ನದೇ. ಕೆಂಪು ಜಂಬಿಟ್ಟಿಗೆ ಕಲ್ಲು ಕಾದ ಹಂಚಾಗಿತ್ತು. ಮಕ್ಕಳು ನೆರಳು ಬಿಟ್ಟು ಏಳಲಿಲ್ಲ. ಕೋಟೆಯೊಳಗಿನ ಅರಮನೆ ರಂಗೀನ್ ಮಹಲಿಗೆ ಬೀಗ. ಫಿರಂಗಿ ನೋಡಿ ಕಲಬುರಗಿಗೆ ವಾಪಸ್ ಬಂದೆವು.

ಈ ಸಲ ನವೆಂಬರ್‌ನಲ್ಲಿ, ನಸುಕಿನ ಬಸ್ಸಿಗೆ ಒಬ್ಬನೇ ಹೋದೆ. ಸೀದಾ ಕೋಟೆಯೊಳಗಿನ ಲಾಲ್ ಬಾಗ್‌ಗೆ. ಹದಿನಾರು ಕಂಬದ ಮಸೀದಿ ಎದುರಿನ ತೋಟ ಅದು. ಮಸೀದಿ ಕಟ್ಟಿದ್ದು 1423-24ರಲ್ಲಿ. ಹೆಚ್ಚುಕಡಿಮೆ ಅದೇ ಕಾಲಕ್ಕೆ ಬಹಮನಿ ಸುಲ್ತಾನ ಅಹ್ಮದ್ ಶಾ ರಾಜಧಾನಿಯನ್ನು ನಮ್ಮೂರು ಕಲಬುರಗಿಯಿಂದ ಬೀದರಿಗೆ ಎತ್ತಿಕೊಂಡು ಹೋದ. ನಮಗೆ ಆ ಸಿಟ್ಟು ಇನ್ನೂ ಸ್ವಲ್ಪ ಇದೆ ಅನ್ನಿ.

ಅಲ್ಲಿ ಹೂವು ಹುಡುಕಬೇಡಿ. ಈಗಿನ ಹುಲ್ಲು, ಗಿಡ ಎಲ್ಲ ನಮ್ಮ ಕಾಲದವು. ಹಳೇ ತೋಟ ಉಳಿದಿರುವುದು ಕಲ್ಲಿನಲ್ಲಿ. ನಡುವಿನ ಕಾಲುವೆಯ ಜಾಡು ಹಿಡಿದು ತೊಟ್ಟಿಯವರೆಗೆ ನಡೆದೆ. ಬೀದರ್ ಇರುವುದು ಎತ್ತರದ ಬಯಲಿನ ಮೇಲೆ. ಊರೊಳಗೆ ಹೊಳೆ ಇಲ್ಲ. ಅದಕ್ಕೇ ನೌಬಾದ್ ಕಡೆ ನೆಲದಡಿ ಕರೇಜ್ ಕೊರೆದು ನೀರು ತಂದಿದ್ದರು, ಜನ ಸುರಂಗ ಬಾವಿ ಅಂತಾರೆ. ಅಂಥ ಊರಲ್ಲಿ ಸುಮ್ನೆ ಕಣ್ಣಿಗೆ ಚೆಂದ ಅಂತ ನೀರು ಹರಿಸೋದು ಎಂಥ ದೌಲತ್ತು, ಅಲ್ವಾ?

ರಂಗೀನ್ ಮಹಲಿಗೆ ಈ ಸಲವೂ ಬೀಗ. ಆದರೆ ಹಳೇ ಹಮಾಮಿನಲ್ಲಿ, ಅಂದರೆ ಸ್ನಾನಗೃಹದಲ್ಲಿರುವ ಮ್ಯೂಸಿಯಂಗೆ ಹೋಗಿ ಕೇಳಿದೆ. ಒಬ್ಬರು ಕೀಲಿಗೊಂಚಲು ಹಿಡಿದು ಬಂದರು. ಬಹಮನಿಗಳ ನಂತರ ಬೀದರ್ ಆಳಿದ ಬರೀದ್ ಶಾಹಿ ಮನೆತನದ ಅಲಿ ಬರೀದ್ ಕಾಲದ ಕೆಲಸ ಮಹಲಿನ ಒಳಗಿದೆ. ಕರಿ ಕಲ್ಲಿನಲ್ಲಿ ಮುತ್ತಿನ ಚಿಪ್ಪು ಕೂಡಿಸಿದ ಬಳ್ಳಿಗಳು. ಎದುರು ನಿಂತರೆ ಬರೀ ಬಿಳುಪು. ಒಂದು ಹೆಜ್ಜೆ ಪಕ್ಕಕ್ಕೆ ಸರಿದೆ, ಎಲೆಯೊಂದು ಹಸಿರಾಯಿತು. ಇನ್ನೊಂದು ಹೆಜ್ಜೆಗೆ ಗುಲಾಬಿ. ಹತ್ತು ನಿಮಿಷ ಅದೇ ಆಟ. ಕೀಲಿಯವರು ಬಾಗಿಲಲ್ಲಿ ನಿಂತು ಕೆಮ್ಮಿದರು. ಹೊರಬಂದೆ.

ಆಮೇಲೆ ಆಟೋ ಹಿಡಿದು ಉದಗೀರ್ ರಸ್ತೆಯ ಬರೀದ್ ಶಾಹಿ ಗೋರಿಗಳಿಗೆ ಹೋದೆ. ನನ್ನ ಕೇಳಿದರೆ ಕೋಟೆಗಿಂತ ಇದೇ ಜಾಸ್ತಿ ತೋಟ. ಅಲಿ ಬರೀದ್ ತನ್ನ ಗೋರಿಯನ್ನು 1577ರಲ್ಲಿ, ಬದುಕಿದ್ದಾಗಲೇ ಕಟ್ಟಿಸಿಕೊಂಡ. ನಾಲ್ಕೂ ಕಡೆ ದೊಡ್ಡ ಕಮಾನು, ಬಾಗಿಲೇ ಇಲ್ಲ. ಯಾವ ಕಡೆ ನಿಂತರೂ ಆಚೆಯ ಮರಗಳು ಕಾಣುತ್ತವೆ, ಗಾಳಿ ಆರಪಾರ ಬೀಸುತ್ತದೆ.

ಹೊರಗೆ ಹುಲ್ಲಿನ ಮೇಲೆ ಕೂತು ರೊಟ್ಟಿ, ಶೇಂಗಾ ಹಿಂಡಿಯ ಬುತ್ತಿ ಬಿಚ್ಚಿದೆ. ಮೂರು ಗಂಟೆ ಬಸ್ಸು ತಪ್ಪಿತು.