ಬಾವಲಿ ಗವಿಯ ಪಕ್ಕದ ಹಳ್ಳಿಗಳಲ್ಲಿ ಹಳೆಯ ಸೋಂಕಿನ ಗುರುತು ಹುಡುಕುವುದು ಹೇಗೆ

ಬಾವಲಿಯ ಕೊರೊನಾ ವೈರಸ್ ಹಿಂದೆಂದೋ ಮನುಷ್ಯರಿಗೆ ತಗುಲಿತ್ತೇ ಎಂದು ತಿಳಿಯಲು ಗಂಟಲ ದ್ರವ ಸಾಲದು. ವೈರಸ್ ಕೆಲವೇ ವಾರಗಳಲ್ಲಿ ಹೊರಟುಹೋಗುತ್ತದೆ, ರಕ್ತದಲ್ಲಿ ಉಳಿಯುವುದು ಅದರ ವಿರುದ್ಧ ದೇಹ ತಯಾರಿಸಿದ ಪ್ರತಿಕಾಯ. ಅದೂ ಎರಡು ಮೂರು ವರ್ಷಗಳಲ್ಲಿ ಬಹಳ ಇಳಿದುಹೋಗಬಹುದು. 2015ರ ಅಕ್ಟೋಬರ್‌ನಲ್ಲಿ ಚೀನಾದ ಯುನ್ನಾನ್ ಪ್ರಾಂತ್ಯದ ಜಿನ್ನಿಂಗ್‌ನಲ್ಲಿ, ಯಾಂಜಿ ಮತ್ತು ಶಿಟೌ ಗವಿಗಳ ಸುತ್ತಲಿನ ನಾಲ್ಕು ಹಳ್ಳಿಗಳ 218 ಮಂದಿಯ ರಕ್ತ ನೋಡಿದಾಗ ಪಾಸಿಟಿವ್ ಬಂದವರು ಆರೇ ಜನ.

ಹಾಗಾಗಿ ಮೊದಲು ಲೆಕ್ಕ. ಸೋಂಕು ತಗುಲಿದವರು ನೂರಕ್ಕೆ ಮೂವರಿದ್ದರೆ, 100 ಜನರನ್ನು ಪರೀಕ್ಷಿಸಿಯೂ ಒಬ್ಬರೂ ಸಿಗದಿರುವ ಸಾಧ್ಯತೆ ಸುಮಾರು ಶೇ. 5. 200 ಜನರಾದರೆ ಅದು ಶೇ. 0.2ಕ್ಕೆ ಇಳಿಯುತ್ತದೆ. ಗವಿಯಿಂದ ದೂರದ ಊರಿನವರ ರಕ್ತವೂ ಅಷ್ಟೇ ಸಂಖ್ಯೆಯಲ್ಲಿ ಬೇಕು. ಜಿನ್ನಿಂಗ್ ಅಧ್ಯಯನಕ್ಕೆ ವುಹಾನ್‌ನ 240 ರಕ್ತದಾನಿಗಳ ಮಾದರಿ ಹೋಲಿಕೆಗಿತ್ತು, ಅದರಲ್ಲಿ ಒಂದೂ ಪಾಸಿಟಿವ್ ಇರಲಿಲ್ಲ.

ಒಪ್ಪಿಗೆಯನ್ನು ಊರಿನ ಭಾಷೆಯಲ್ಲೇ ಓದಿ ಹೇಳಿ ಪಡೆಯಿರಿ. ಓದು ಬಾರದವರಿಗೆ ಹೆಬ್ಬೆಟ್ಟು, ಜೊತೆಗೊಬ್ಬ ಸಾಕ್ಷಿ. "ಬಾವಲಿ ಮುಟ್ಟಿದ್ದೀರಾ?" ಎಂದಷ್ಟೇ ಕೇಳಿದರೆ ಎಲ್ಲರೂ ಇಲ್ಲ ಎನ್ನುತ್ತಾರೆ. ಗವಿಯೊಳಗೆ ಹೋಗಿದ್ದು, ಹಿಕ್ಕೆಯನ್ನು ಗೊಬ್ಬರಕ್ಕೆ ತಂದಿದ್ದು, ಸೂರಿನಲ್ಲಿ ಬಾವಲಿ ನೇತುಬಿದ್ದದ್ದು, ಸಾಕಿದ ಪ್ರಾಣಿ, ಪರಊರ ಪ್ರಯಾಣ ಎಲ್ಲವನ್ನೂ ಬಿಡಿಬಿಡಿಯಾಗಿ ಕೇಳಿ.

ರಕ್ತ 5 ಮಿ.ಲೀ. ಸಾಕು. ಕೋಣೆಯ ಉಷ್ಣತೆಯಲ್ಲಿ 30 ನಿಮಿಷ ಹೆಪ್ಪುಗಟ್ಟಲು ಬಿಟ್ಟು, ಗುರುತ್ವದ 1,500 ಪಟ್ಟು ಬಲದಲ್ಲಿ (1,500 ಜಿ) 10 ನಿಮಿಷ ಸೆಂಟ್ರಿಫ್ಯೂಜ್ ಯಂತ್ರದಲ್ಲಿ ತಿರುಗಿಸಿ. ಸೀರಂ (ಹೆಪ್ಪಿನ ಮೇಲೆ ಉಳಿಯುವ ತಿಳಿ ದ್ರವ) ಬೇರ್ಪಡಿಸುವ ಮೊದಲು ಟ್ಯೂಬನ್ನು ಐಸ್‌ಗೆ ತಾಗಿಸಿಡಬೇಡಿ, ಐಸ್‌ನ ಚಳಿಗೆ ಕೆಂಪು ಕಣಗಳು ಒಡೆದು ಸೀರಂ ಕೆಂಪಾಗುತ್ತದೆ. ಅರ್ಧರ್ಧ ಮಿ.ಲೀ.ಯಂತೆ ಹಲವು ವಯಲ್‌ಗಳಿಗೆ ಹಂಚಿ. ಒಂದೇ ವಯಲನ್ನು ಪದೇ ಪದೇ ಕರಗಿಸಿದರೆ ಪ್ರತಿಕಾಯ ಹಾಳಾಗುತ್ತದೆ. ತಾನಾಗಿ ಐಸ್ ಕರಗಿಸಿಕೊಳ್ಳುವ ಮನೆಬಳಕೆಯ ಫ್ರಿಜ್ ಇದಕ್ಕೆ ಆಗದು, ಮೈನಸ್ 80 ಡಿಗ್ರಿಯ ಫ್ರೀಜರ್ ಬೇಕು.

ಪ್ರತಿಕಾಯವನ್ನು ಬಣ್ಣದಿಂದ ಗುರುತಿಸುವ ಎಲೈಸಾ ಪರೀಕ್ಷೆಯಲ್ಲಿ ಪ್ರತಿ ಸೀರಂಗೆ ತಟ್ಟೆಯ ಎರಡು ಕುಳಿ. ಹೋಲಿಕೆ ಗುಂಪಿನ ಸರಾಸರಿಗೆ ಮೂರು ಪಟ್ಟು ಪ್ರಮಾಣಿತ ವಿಚಲನೆ (ಅಂಕಿಗಳ ಚದುರುವಿಕೆಯ ಅಳತೆ) ಕೂಡಿಸಿ ಗಡಿ ಗುರುತಿಸುವುದು ವಾಡಿಕೆ. ಎಡವುವುದು ಇಲ್ಲೇ: ಕಿಟ್ ಸೋಂಕಿಲ್ಲದವರನ್ನು ಶೇ. 99ರಷ್ಟು ಸರಿಯಾಗಿ ಗುರುತಿಸಿದರೂ 218 ಜನರಲ್ಲಿ ಸುಮಾರು ಇಬ್ಬರು ಸುಳ್ಳು ಪಾಸಿಟಿವ್ ಬರುತ್ತಾರೆ. ಸಿಕ್ಕಿದ್ದೇ ಆರಾದರೆ ಎರಡು ಸಣ್ಣ ಸಂಖ್ಯೆಯಲ್ಲ. ನೆಗಡಿ ತರುವ ಒಸಿ43, ಎಚ್‌ಕೆಯು1 ಕೊರೊನಾಗಳ ಪ್ರತಿಕಾಯವೂ ಪರೀಕ್ಷೆಗೆ ಬಳಸುವ, ವೈರಸ್ಸಿನ ಒಳಗಿನ ಎನ್ ಪ್ರೋಟೀನಿಗೆ ಅಂಟಿಕೊಳ್ಳಬಲ್ಲದು. ಆದ್ದರಿಂದ ಪಾಸಿಟಿವ್ ಬಂದವನ್ನೆಲ್ಲ ಪ್ರತಿಕಾಯ ಯಾವ ಪ್ರೋಟೀನಿಗೆ ಅಂಟಿತೆಂದು ತೋರಿಸುವ ವೆಸ್ಟರ್ನ್ ಬ್ಲಾಟ್‌ನಲ್ಲೂ, ಸಾಧ್ಯವಾದರೆ ವೈರಸ್ಸನ್ನು ತಟಸ್ಥಗೊಳಿಸುವ ಪರೀಕ್ಷೆಯಲ್ಲೂ ನೋಡಿ. ಎರಡನೆಯದಕ್ಕೆ ಸೀರಂ ಮೊದಲು 56 ಡಿಗ್ರಿಯಲ್ಲಿ 30 ನಿಮಿಷ ಕಾಯಿಸಬೇಕು.

ಕೋವಿಡ್ ಮತ್ತು ಲಸಿಕೆ ಬಂದ ಮೇಲೆ ತೆಗೆದ ರಕ್ತದಲ್ಲಿ ಈ ಲೆಕ್ಕ ಕೆಡುತ್ತದೆ. ಸಾರ್ಸ್ ಬಳಗದ (ಕೋವಿಡ್ ವೈರಸ್ಸೂ ಇದೇ ಬಳಗ) ಎಲೈಸಾಗೆ ಬಹುತೇಕ ಎಲ್ಲರೂ ಪಾಸಿಟಿವ್. 2019ಕ್ಕೂ ಮೊದಲು ಕೂಡಿಟ್ಟ ಸೀರಂ ಸಿಕ್ಕರೆ ಮೊದಲು ಅದನ್ನೇ ಪರೀಕ್ಷಿಸಿ.