ಗಾರ್ಮೆಂಟ್ಸ್ ಬೆಲ್ಲಿಗೆ ಹೊಂದಿಸಿದ ಬೇಸಿಗೆ ಶಿಬಿರ

ಏಪ್ರಿಲ್ 10ಕ್ಕೆ ರಿಸಲ್ಟ್ ಕೊಟ್ಟು ಮಕ್ಕಳನ್ನು ಮನೆಗೆ ಕಳಿಸುತ್ತಾರೆ. ಶಾಲೆ ಮತ್ತೆ ಬಾಗಿಲು ತೆಗೆಯೋದು ಮೇ 29ರ ಹೊತ್ತಿಗೆ. ನಡುವಿನ ಏಳು ವಾರ ಗಾರ್ಮೆಂಟ್ಸ್‌ಗೇನೂ ರಜೆ ಇಲ್ಲ. ಬೆಳಿಗ್ಗೆ ಒಂಬತ್ತಕ್ಕೆ ಬೆಲ್ ಹೊಡೆದರೆ ಲೈನ್ ಓಡಬೇಕು, ಸಂಜೆ ಐದೂವರೆಯವರೆಗೆ ಗಂಟೆಗಿಷ್ಟು ಪೀಸ್ ಅಂತ ಟಾರ್ಗೆಟ್ ಕೊಡಬೇಕು. ಬೆಂಗಳೂರಿನ ಪೀಣ್ಯದ ಕಡೆ ಗಾರ್ಮೆಂಟ್ಸ್‌ನಲ್ಲಿ ಹದಿಮೂರು ವರ್ಷ ಟೈಲರ್ ಆಗಿದ್ದವಳು ನಾನು. ಈಗ ಲಗ್ಗೆರೆಯಲ್ಲಿ ಸಣ್ಣದೊಂದು ಹೊಲಿಗೆ ಅಂಗಡಿ ಇದೆ. 2017ರಿಂದ ಪ್ರತಿ ಬೇಸಿಗೆ ನಮ್ಮ ಸ್ತ್ರೀಶಕ್ತಿ ಸಂಘದ ಹೆಂಗಸರು ಸೇರಿ ಮಕ್ಕಳ ಶಿಬಿರ ಮಾಡುತ್ತಿದ್ದೇವೆ. ಕೊರೊನಾದ ಎರಡು ವರ್ಷ ಮಾತ್ರ ನಿಂತಿತ್ತು.

ಶಿಬಿರಕ್ಕೆ ಮುಂಚೆ ಏನಿತ್ತು? ಬೀಗ ಇತ್ತು. ನಮ್ಮ ವಠಾರದಲ್ಲಿ ಎಲ್ಲವೂ ಶೀಟಿನ ಮನೆ. ಏಪ್ರಿಲ್ ತಿಂಗಳ ಮಧ್ಯಾಹ್ನ ಒಳಗೆ ಕಾಲಿಟ್ಟರೆ ಕಾವಲಿ ಮೇಲೆ ನಿಂತ ಹಾಗಿರುತ್ತೆ. ಮಕ್ಕಳನ್ನು ಒಳಗೆ ಕೂರಿಸಿ, ಹೊರಗಿನಿಂದ ಬೀಗ ಹಾಕಿ, ಕೀಲಿ ಪಕ್ಕದ ಮನೆಯವರ ಕೈಗೆ ಕೊಟ್ಟು ಹೋಗುತ್ತಿದ್ದೆವು. ನನ್ನ ಮಗಳನ್ನೂ ಹಾಗೇ ಬಿಟ್ಟು ಹೋಗಿದ್ದೀನಿ, ಮುಚ್ಚಿಡೋದೇನಿದೆ. ಮಿಷನ್ ಮುಂದೆ ಕೂತಿದ್ದರೂ ತಲೆಯಲ್ಲಿ ಒಂದೇ ಯೋಚನೆ: ಗ್ಯಾಸ್ ರೆಗ್ಯುಲೇಟರ್ ಆಫ್ ಮಾಡಿದ್ನಾ ಇಲ್ವಾ? ಕಾಲರ್ ತಿರುಗುಮುರುಗಾಗಿ ಹೊಲೆದು ಸೂಪರ್‌ವೈಸರ್ ಕೈಲಿ ಬೈಸಿಕೊಂಡ ದಿನಗಳೆಲ್ಲ ಹೆಚ್ಚಾಗಿ ಬೇಸಿಗೆಯವೇ.

ಊರಿಗೆ ಕಳಿಸಬಹುದಲ್ಲ ಅಂತೀರಿ. ಮಧುಗಿರಿ, ಶಿರಾ, ಪಾವಗಡ ಕಡೆಯವರು ನಾವು, ಕಳಿಸುತ್ತಿದ್ದೆವು. ಅಜ್ಜಿ ಮನೆ ಅಂದರೆ ನನಗೂ ಆಸೆಯೇ. ಆದರೆ ಈಗಿನ ಅಜ್ಜಿ ಬೆಳಿಗ್ಗೆಯೇ ಉದ್ಯೋಗ ಖಾತ್ರಿ ಕೆಲಸಕ್ಕೆ ಹೋಗುತ್ತಾಳೆ. ಮಕ್ಕಳು ಕೃಷಿ ಹೊಂಡದ ದಂಡೆಯಲ್ಲಿ ಇರುತ್ತವೆ. ಬೇಸಿಗೆಯಲ್ಲಿ ಪೇಪರ್ ತೆಗೆದರೆ ಈಜಲು ಇಳಿದು ಮುಳುಗಿದ ಮಕ್ಕಳ ಸುದ್ದಿ ಇದ್ದೇ ಇರುತ್ತೆ.

ಕಾನೂನಿನಲ್ಲಿ ಶಿಶುಪಾಲನಾ ಕೇಂದ್ರ ಇದೆ, ನಿಜ. 1948ರ ಕಾರ್ಖಾನೆ ಕಾಯ್ದೆ ಬಂದಾಗಲೇ ಅದು ಬಂತು. ಆದರೆ ಅದು ಆರು ವರ್ಷದೊಳಗಿನ ಮಕ್ಕಳಿಗೆ. ಆರು ದಾಟಿದ ಮೇಲೆ ಶಾಲೆ ನೋಡಿಕೊಳ್ಳುತ್ತೆ ಅನ್ನೋ ಲೆಕ್ಕ ಇರಬೇಕು. ಶಾಲೆ ಮುಚ್ಚಿದಾಗ? ಏಳು ವರ್ಷದ ಮಗು ಏಳು ವಾರ ಯಾರ ಲೆಕ್ಕಕ್ಕೂ ಸಿಗೋದಿಲ್ಲ. ಬಿಸಿಯೂಟವೂ ನಿಂತಿರುತ್ತೆ.

2016ರ ಏಪ್ರಿಲ್ 18, 19ರಂದು ಪಿಎಫ್ ಹಣ ತೆಗೆಯೋ ನಿಯಮ ಬಿಗಿ ಮಾಡಿದ್ದಕ್ಕೆ ಬೆಂಗಳೂರಿನ ಗಾರ್ಮೆಂಟ್ಸ್ ಹೆಂಗಸರು ರಸ್ತೆಗಿಳಿದದ್ದು ನಿಮಗೆ ನೆನಪಿರಬಹುದು. ಜೂನ್‌ನಲ್ಲಿ ಸ್ಕೂಲ್ ಫೀಸ್ ಕಟ್ಟೋಕೆ ನಮ್ಮಲ್ಲಿ ಎಷ್ಟೋ ಜನ ನಂಬಿಕೊಂಡಿದ್ದದ್ದು ಆ ಹಣವನ್ನೇ. ಎರಡನೇ ದಿನವೇ ಸರ್ಕಾರ ಆದೇಶ ವಾಪಸ್ ತಗೊಂಡಿತು. ಆವತ್ತು ತುಮಕೂರು ರಸ್ತೆಯಲ್ಲಿ ಬಸ್ಸಿಲ್ಲದೆ ನಡೆದು ಮನೆ ಸೇರಿದಾಗ ರಾತ್ರಿ ಒಂಬತ್ತು. ಬೀಗ ತೆಗೆದರೆ ಮಗಳು ಕತ್ತಲಲ್ಲಿ ಕೂತಿದ್ದಳು, ಸ್ವಿಚ್ ಹಾಕೋಕೂ ಭಯ ಅವಳಿಗೆ. ಶಿಬಿರದ ಯೋಚನೆ ಹುಟ್ಟಿದ್ದು ಆ ರಾತ್ರಿ.

ಮೊದಲ ವರ್ಷ ನಾವು ಮಾಡಿದ್ದೆಲ್ಲ ಎಡವಟ್ಟು. ಪೇಪರಿನ ಜಾಹೀರಾತುಗಳಲ್ಲಿ ಶಿಬಿರ ಅಂದರೆ ಬೆಳಿಗ್ಗೆ ಹತ್ತರಿಂದ ಒಂದು, ನಾವೂ ಅದನ್ನೇ ಇಟ್ಟೆವು. ಮೊದಲ ದಿನ 34 ಮಕ್ಕಳು ಬಂದರು. ವಾರದಲ್ಲಿ 19 ಉಳಿದರು. ಚಿತ್ರ, ಹಾಡು, ಆಟ ಎಲ್ಲ ಚೆನ್ನಾಗಿದ್ದೂ ಯಾಕೆ ಬಿಟ್ಟರು ಅಂತ ಮನೆಮನೆಗೆ ಹೋಗಿ ಕೇಳಿದೆ. ಒಬ್ಬಳು ಹೇಳಿದಳು: "ಹತ್ತಕ್ಕೆ ತಂದು ಬಿಡೋಕೆ ನಾನು ಮನೇಲಿರಲ್ಲ, ಒಂದಕ್ಕೆ ಕರ್ಕೊಂಡೋಗೋಕೂ ಇರಲ್ಲ. ನಿಮ್ಮ ಶಿಬಿರ ಮನೇಲಿರೋ ಹೆಂಗಸರ ಮಕ್ಕಳಿಗಲ್ವಾ ಅಕ್ಕ?" ಹದಿಮೂರು ವರ್ಷ ಬೆಲ್ಲಿಗೆ ಕುಣಿದ ನನಗೇ ಇದು ಹೊಳೆಯಲಿಲ್ಲ ಅಂತ ನಾಚಿಕೆಯಾಯಿತು.

ಮಾರನೆಯ ವಾರದಿಂದ ಬೆಳಿಗ್ಗೆ ಎಂಟೂಕಾಲಿಗೆ ಬಾಗಿಲು ತೆಗೆದೆವು, ಸಂಜೆ ಆರೂಕಾಲಿಗೆ ಮುಚ್ಚಿದೆವು. ಓವರ್‌ಟೈಮ್ ಇದ್ದ ದಿನ ಏಳಕ್ಕೆ. ಶನಿವಾರವೂ ಉಂಟು, ಯಾಕೆಂದರೆ ಫ್ಯಾಕ್ಟರಿ ಉಂಟು. ಮೇ 1ಕ್ಕೆ ರಜೆ, ಫ್ಯಾಕ್ಟರಿಗೂ ರಜೆ. ಇಷ್ಟೇ ಬದಲಾವಣೆ. ಹೋದವರೆಲ್ಲ ವಾಪಸ್ ಬಂದರು. ಶಿಬಿರದಲ್ಲಿ ಏನು ಕಲಿಸುತ್ತೀರಿ ಅಂತ ಎಲ್ಲರೂ ಕೇಳುತ್ತಾರೆ, ಎಷ್ಟು ಗಂಟೆಗೆ ಬಾಗಿಲು ತೆಗೀತೀರಿ ಅಂತ ಕೇಳೋರು ತಾಯಂದಿರು ಮಾತ್ರ.

ಎರಡನೇ ಎಡವಟ್ಟು ಮಕ್ಕಳನ್ನು ನೋಡಿಕೊಳ್ಳುವ ಹುಡುಗ ಹುಡುಗಿಯರದ್ದು. ಪಿಯುಸಿ ಪರೀಕ್ಷೆ ಮುಗಿಸಿ ರಿಸಲ್ಟಿಗೆ ಕಾಯುತ್ತಿದ್ದವರು, ಡಿಗ್ರಿ ಓದುತ್ತಿದ್ದವರು ನಾಲ್ಕು ಜನ ಸಿಕ್ಕಿದ್ದರು. ಹದಿನೆಂಟು ತುಂಬದವರನ್ನು ತಗೊಳ್ಳಬಾರದು ಅಂತ ಮೊದಲೇ ತೀರ್ಮಾನ ಮಾಡಿದ್ದೆವು. ಆದರೆ ದುಡ್ಡು ಕೊಡಲಿಲ್ಲ, ಸಮಾಜಸೇವೆ ಅಂದೆವು. ಹತ್ತು ದಿನಕ್ಕೆ ಮೂವರು ಹೋದರು. ಒಬ್ಬ ಮೊಬೈಲ್ ಅಂಗಡಿಗೆ, ಇನ್ನಿಬ್ಬರು ಕೇಟರಿಂಗ್‌ನಲ್ಲಿ ಬಡಿಸೋಕೆ. ಅವರದ್ದೇನು ತಪ್ಪು? ಅಪ್ಪ ಲೋಡಿಂಗ್, ಅಮ್ಮ ಚೆಕಿಂಗ್ ಮಾಡೋ ಮನೆಯಲ್ಲಿ ಹದಿನೆಂಟು ವರ್ಷದವನು ಎರಡು ತಿಂಗಳು ಪುಕ್ಕಟೆ ದುಡಿಯೋಕಾಗುತ್ತಾ? ಮುಂದಿನ ವರ್ಷದಿಂದ ಕೂಲಿ ಇಟ್ಟೆವು. ಈಗ ದಿನಕ್ಕೆ 400 ರೂಪಾಯಿ, ಪ್ರತಿ ಶನಿವಾರ ಅವರ ಬ್ಯಾಂಕ್ ಖಾತೆಗೆ. ಒಬ್ಬ ಹುಡುಗಿ ಮೊದಲ ವಾರದ ಮೆಸೇಜ್ ಬಂದಾಗ ಫೋನನ್ನು ಅಂಗಡಿಗೆ ತಂದು ತೋರಿಸಿದಳು. ಆ ಖಾತೆಗೆ ಅಲ್ಲಿಯವರೆಗೆ ಬಂದಿದ್ದು ಸ್ಕಾಲರ್‌ಶಿಪ್ ಮಾತ್ರವಂತೆ.

ಕೆಲಸಕ್ಕೆ ಮುಂಚೆ ಎರಡು ದಿನ ತರಬೇತಿ. ಮೈಸೂರು ರಂಗಾಯಣದ ಚಿಣ್ಣರ ಮೇಳದಲ್ಲಿ ದುಡಿದ ರಂಗಕರ್ಮಿಯೊಬ್ಬರು ಬಂದು ಕಲಿಸುತ್ತಾರೆ. ಐವತ್ತು ಮಕ್ಕಳು ಗಲಾಟೆ ಮಾಡುವಾಗ ಕೂಗದೆ ಹೇಗೆ ಸುಮ್ಮನಾಗಿಸೋದು, ಅಳೋ ಮಗುವಿನ ಹತ್ತಿರ ಹೇಗೆ ಕೂರೋದು, ಇಂಥವು. ಹಾಡು ಕುಣಿತ ಆಮೇಲೆ.

2018ರಲ್ಲಿ ನಡೆದದ್ದನ್ನು ಹೇಳಲೇಬೇಕು. ಮಧ್ಯಾಹ್ನ ನಾಲ್ಕರ ಸುಮಾರಿಗೆ ಎಂಟು ವರ್ಷದ ಹುಡುಗನೊಬ್ಬ ಕಾಣೆಯಾದ. ಅವನ ಗುಂಪನ್ನು ನೋಡಿಕೊಳ್ಳುತ್ತಿದ್ದವಳು ಹತ್ತೊಂಬತ್ತು ವರ್ಷದ ಹುಡುಗಿ. ಓಡಿ ಬಂದು ನನ್ನ ಕೈ ಹಿಡಿದಳು, ಮಾತೇ ಬರಲಿಲ್ಲ. ಚರಂಡಿ, ಸಂಪು, ಮಹಡಿ ಎಲ್ಲ ನೋಡಿದೆವು. ನಲವತ್ತು ನಿಮಿಷ ಆದಮೇಲೆ ಒಬ್ಬರು ಫ್ಯಾಕ್ಟರಿ ಗೇಟಿನಿಂದ ಫೋನ್ ಮಾಡಿದರು. ಹೋಗಿ ನೋಡಿದರೆ ಸೆಕ್ಯುರಿಟಿಯವರ ಸ್ಟೂಲ್ ಮೇಲೆ ಕಾಲಾಡಿಸುತ್ತಾ ಕೂತಿದ್ದಾನೆ, ಕೈಯಲ್ಲಿ ನೀರಿನ ಬಾಟಲಿ. ಪಕ್ಕದ ಯಾವುದೋ ಇಂಜಿನಿಯರಿಂಗ್ ಕಾರ್ಖಾನೆಯ ಶಿಫ್ಟಿನ ಸೈರನ್ ಕೇಳಿಸಿದೆ. "ಸೈರನ್ ಆಯ್ತಲ್ಲ ಆಂಟಿ, ಅಮ್ಮ ಬಿಟ್ಟಿರ್ತಾಳೆ ಅಂದ್ಕೊಂಡೆ" ಅಂದ.

ಸಂಜೆ ಅವನ ತಾಯಿಗೆ ಹೇಳೋದಾ ಬೇಡವಾ ಅಂತ ನಮ್ಮಲ್ಲೇ ಚರ್ಚೆಯಾಯಿತು. ಹುಡುಗ ಸಿಕ್ಕಿದನಲ್ಲ, ಯಾಕೆ ಹೆದರಿಸೋದು ಅಂದರು ಒಬ್ಬರು. ನಾನು ಹೇಳಿದೆ. ಆಕೆ ಕತ್ತಿನಲ್ಲಿದ್ದ ಐಡಿ ಕಾರ್ಡ್ ಹಿಡಿದುಕೊಂಡು ಮೆಟ್ಟಿಲ ಮೇಲೆ ಕೂತಳು. ತಲೆ ಮೇಲೆಲ್ಲ ಬಟ್ಟೆಯ ನೂಲು. ಸ್ವಲ್ಪ ಹೊತ್ತಿನ ಮೇಲೆ, "ಬೀಗ ಹಾಕಿ ಹೋಗಿದ್ರೂ ಕಿಟಕಿ ಹತ್ತಿ ಹೋಗ್ತಿದ್ದ ಅಕ್ಕ. ಆಗ ಹುಡುಕೋರು ಯಾರಿದ್ರು?" ಅಂದಳು. ಮಾರನೆಯ ದಿನವೂ ಕಳಿಸಿದಳು.

ಆ ಹುಡುಗಿ ಮಾತ್ರ ಕೆಲಸ ಬಿಡ್ತೀನಿ ಅಂದಳು. ಬಿಡೋದಾದರೆ ಬಿಡು, ಆದರೆ ಮತ್ತೆ ಹೀಗಾಗದ ಹಾಗೆ ಏನು ಮಾಡಬಹುದು ಅಂತ ಹೇಳಿ ಹೋಗು ಅಂದೆ. ಬೆಳಿಗ್ಗೆ ಬಂದವಳು ಎಲ್ಲ ಮಕ್ಕಳನ್ನೂ ಜೋಡಿ ಮಾಡಿದಳು. ಊಟಕ್ಕೆ, ಒಂದಕ್ಕೆ, ಆಟಕ್ಕೆ, ಎಲ್ಲಿಗೇ ಹೋದರೂ ಜೋಡಿ ಬಿಡುವಂತಿಲ್ಲ. ಪೀಪಿ ಊದಿದ ಕೂಡಲೇ "ನಿನ್ನ ಜೋಡಿ ಎಲ್ಲಿ?" ಅಂತ ಕೇಳುತ್ತಾರೆ. ದೊಡ್ಡವರು ಎಣಿಸೋದಕ್ಕಿಂತ ಮುಂಚೆ ಮಕ್ಕಳೇ ಚಾಡಿ ಹೇಳುತ್ತವೆ, "ಅಕ್ಕ, ಇವನು ಒಬ್ಬನೇ ಗೇಟ್ ಹತ್ರ ಹೋದ." ಆಮೇಲೆ ಒಂದು ಮಗುವೂ ಆಚೆ ಹೋಗಿಲ್ಲ. ಆಕೆ ಮೂರು ವರ್ಷ ನಮ್ಮ ಜೊತೆ ಇದ್ದಳು, ಆಮೇಲೆ ಡಿ.ಎಡ್. ಸೇರಿದಳು. ಇಂಟರ್‌ವ್ಯೂನಲ್ಲಿ ಹೇಗೆ ಮಾತಾಡಬೇಕು ಅನ್ನೋ ಕೋರ್ಸುಗಳಿಗೆ ಸಾವಿರಾರು ಸುರಿಯುತ್ತಾರಲ್ಲ, ನಲವತ್ತು ತಾಯಂದಿರಿಗೆ ದಿನಾ ಸಂಜೆ ಲೆಕ್ಕ ಒಪ್ಪಿಸಿದ ಹುಡುಗರಿಗೆ ಅದರ ಅಗತ್ಯ ಬೀಳೋದಿಲ್ಲ.

ಹಣದ ಲೆಕ್ಕ ಕೇಳೋರು ಬಹಳ, ಅದಕ್ಕೆ ಬರೆದುಬಿಡ್ತೀನಿ. ಹೋದ ಸಲ 42 ಮಕ್ಕಳು, 33 ದಿನ. ಐದು ಜನರ ಕೂಲಿ 66,000. ಸಮುದಾಯ ಭವನಕ್ಕೆ ದಿನಕ್ಕೆ 300ರಂತೆ 9,900. ಅಡುಗೆಯವರಿಗೆ 11,550. ತರಕಾರಿ, ಬೇಳೆ, ಹಾಲು, ಗ್ಯಾಸ್ ಸೇರಿ 27,720. ಬಣ್ಣ, ಕಾಗದ, ಮುಲಾಮು, ಬ್ಯಾಂಡೇಜ್ ಅಂತ 6,000. ಒಟ್ಟು 1,21,170, ಅಂದರೆ ಒಂದು ಮಗುವಿಗೆ ದಿನಕ್ಕೆ 87 ರೂಪಾಯಿ. ನಾವು ತಗೊಳ್ಳೋದು ಪೂರ್ತಿ ಶಿಬಿರಕ್ಕೆ 1,200, ಅಣ್ಣ ತಂಗಿ ಇಬ್ಬರಿದ್ದರೆ ಎರಡನೆಯವರಿಗೆ ಅರ್ಧ. ಉಳಿದ 75 ಸಾವಿರ ಚಿಲ್ಲರೆಯನ್ನು ಅಂಗಡಿಯವರು, ರಿಟೈರ್ಡ್ ಮೇಷ್ಟ್ರುಗಳು, ನಮ್ಮ ಸಂಘ ಹೀಗೆ ಕೂಡಿಸುತ್ತೇವೆ. ಪ್ರತಿ ವರ್ಷ ಏಪ್ರಿಲ್ ಮೊದಲ ವಾರ ನನಗೆ ನಿದ್ದೆ ಬರೋದಿಲ್ಲ, ಅದೂ ನಿಜ. ಫೀಸನ್ನು ಮೊದಲೇ ಕೇಳಬಾರದು. ನಮ್ಮ ಕಡೆ ಸಂಬಳ ಆಗೋದು 7ರಿಂದ 10ನೇ ತಾರೀಖಿನೊಳಗೆ, ಆದ್ದರಿಂದ ಏಪ್ರಿಲ್ 12ಕ್ಕೆ ಒಂದು ಕಂತು, ಮೇ 12ಕ್ಕೆ ಇನ್ನೊಂದು. ಅಕ್ಕಿಯನ್ನು ಸೋಮವಾರ ಸೋಮವಾರ ಮಕ್ಕಳು ಮನೆಯಿಂದಲೇ ತರುತ್ತವೆ. ಸೊಸೈಟಿ ಅಕ್ಕಿ, ಸೋನಾ ಮಸೂರಿ ಎಲ್ಲ ಒಂದೇ ಡ್ರಮ್ಮಿಗೆ ಬೀಳೋದರಿಂದ ಅನ್ನ ಕೆಲವು ದಿನ ಮುದ್ದೆ, ಕೆಲವು ದಿನ ಉದುರು.

ಮಗುವಿಗೆ ದಿನಕ್ಕೆ 87 ರೂಪಾಯಿ ದುಬಾರಿ ಅಂದವರಿಗೆ ನಾನು ಹೇಳೋದು ಬೇರೆ ಲೆಕ್ಕ. ಮಗು ನೋಡಿಕೊಳ್ಳೋಕೆ ಒಂದು ದಿನ ರಜೆ ಹಾಕಿದರೆ ತಾಯಿಗೆ ಆ ದಿನದ ಸಂಬಳ ಹೋಗುತ್ತೆ, ಜೊತೆಗೆ ಅಟೆಂಡೆನ್ಸ್ ಬೋನಸ್ಸೂ. ಎರಡು ತಿಂಗಳು ಕೆಲಸ ಬಿಟ್ಟು ಜೂನ್‌ನಲ್ಲಿ ಮತ್ತೆ ಸೇರಿದರೆ ಸರ್ವೀಸ್ ಮೊದಲಿನಿಂದ ಶುರು.

ನನಗೆ ಎಲ್ಲಕ್ಕಿಂತ ಮುಖ್ಯ ಅನಿಸೋದು ಮಧ್ಯಾಹ್ನ ಒಂದೂವರೆಯಿಂದ ಮೂರು. ಆಗ ಚಾಪೆ ಹಾಸಿ ಮಲಗಿಸುತ್ತೇವೆ. ದಾನ ಕೊಟ್ಟವರೊಬ್ಬರು ಬಂದು ನೋಡಿ, "ಏನಮ್ಮ, ಮಲಗಿಸೋಕೆ ಶಿಬಿರವಾ?" ಅಂದಿದ್ದರು. ಶೀಟಿನ ಕೆಳಗೆ ಮಧ್ಯಾಹ್ನ ನಿದ್ದೆ ಹತ್ತೋದಿಲ್ಲ ಅಂತ ಅವರಿಗೆ ಹೇಗೆ ಗೊತ್ತಾಗಬೇಕು. ಮೊದಲ ವಾರ ಹತ್ತು, ಹನ್ನೊಂದು ವರ್ಷದ ಹೆಣ್ಣುಮಕ್ಕಳು ಮಲಗುತ್ತಲೇ ಇರಲಿಲ್ಲ. ತಮ್ಮನ ಪಕ್ಕ ಕೂತು ನೊಣ ಹೊಡೆಯೋರು. ಮನೆಯಲ್ಲಿ ಅವರೇ ತಾಯಿ ತಾನೆ. ತಮ್ಮನನ್ನು ಬೇರೆ ಗುಂಪಿಗೆ ಹಾಕಿದ ಮೇಲೆ ಒಂದೆರಡು ದಿನ ಇಣುಕಿ ಇಣುಕಿ ನೋಡಿದರು. ಮೂರನೇ ದಿನ ಕುಂಟೆಬಿಲ್ಲೆ ಮನೆಗಾಗಿ ಜಗಳ ಶುರುವಾಯಿತು. ಆ ಜಗಳ ಬಿಡಿಸೋಕೆ ನಾನು ಹೋಗಲಿಲ್ಲ, ನಡೆಯಲಿ ಅಂತ ಬಿಟ್ಟೆ.

ಉಳಿದ ಆಟ ಪಾಠ ವಿಶೇಷವೇನಲ್ಲ. ಲಗೋರಿ, ಹುಣಸೆ ಬೀಜದ ಚೌಕಾಬಾರ, ಕಟ್‌ಪೀಸ್ ಬಟ್ಟೆಯ ಬೊಂಬೆ, ನೂಲು ಮುಗಿದ ಕೋನುಗಳ ಗೋಪುರ. ಏಪ್ರಿಲ್, ಮೇ ನನ್ನ ಅಂಗಡಿಗೂ ಸೀಸನ್ನೇ, ಮದುವೆ ಬ್ಲೌಸು, ಸ್ಕೂಲ್ ಯೂನಿಫಾರಂ. ಅದಕ್ಕೆ ಒಂದು ಮಿಷನ್ ಭವನದ ಮೂಲೆಗೇ ತಂದಿಟ್ಟುಕೊಂಡಿದ್ದೀನಿ. ಗುಂಡಿ ಹಚ್ಚೋದನ್ನು ಹುಡುಗರೂ ಕಲಿತಿದ್ದಾರೆ.

ಭವನದ್ದೇ ದೊಡ್ಡ ತಾಪತ್ರಯ. ಮೇ ತಿಂಗಳೆಂದರೆ ಲಗ್ನ. ಮುಹೂರ್ತ ಇದ್ದ ದಿನ ನಮ್ಮನ್ನು ಎಬ್ಬಿಸುತ್ತಾರೆ. ಶಾಲೆಗೆ ಹೋಗೋಣವೆಂದರೆ ಎಲೆಕ್ಷನ್ ವರ್ಷ ಅಲ್ಲಿ ಮತಗಟ್ಟೆ. 2023ರ ಮೇನಲ್ಲಿ ಹೀಗೇ ಎರಡು ಕಡೆಯಿಂದಲೂ ಸಿಕ್ಕಿಬಿದ್ದು ದೇವಸ್ಥಾನದ ಜಗುಲಿ ಸೇರಿದೆವು. ಕಳೆದ ವರ್ಷ ಮದುವೆಯವರು ಒಳ್ಳೆಯವರು, "ಮಕ್ಕಳನ್ನ ಎಲ್ಲಿಗೆ ಕಳಿಸ್ತೀರಿ, ಮಹಡಿ ಮೇಲಿರಲಿ, ಊಟಕ್ಕೆ ಕೊನೇ ಪಂಕ್ತೀಲಿ ಕೂರಿಸೋಣ" ಅಂದರು. ನಲವತ್ತೆರಡು ಮಕ್ಕಳು ಜೋಡಿ ಜೋಡಿಯಾಗಿ ಇಳಿದು ಬಂದು ಬಾಳೆ ಎಲೆ ಮುಂದೆ ಕೂತವು. ಹೋಳಿಗೆ, ತುಪ್ಪ, ಮಾವಿನಕಾಯಿ ಚಿತ್ರಾನ್ನ. ಕೇಟರಿಂಗ್‌ನಲ್ಲಿ ಬಡಿಸುತ್ತಿದ್ದವನು ಮೊದಲ ವರ್ಷ ನಮ್ಮನ್ನು ಬಿಟ್ಟು ಹೋಗಿದ್ದ ಹುಡುಗ! ನಮ್ಮ ಮಕ್ಕಳ ಸಾಲಿಗೆ ಹೋಳಿಗೆ ಎರಡೆರಡು ಸಲ ಬಂತು.

ಮಾರನೆಯ ದಿನ ಎಂದಿನಂತೆ ಅನ್ನ, ಹುರುಳಿಕಾಳು ಸಾರು. ಕೊನೆಯಲ್ಲಿ ಕೂತಿದ್ದ ಸಣ್ಣವನೊಬ್ಬ ತಟ್ಟೆಯನ್ನೇ ಸ್ವಲ್ಪ ಹೊತ್ತು ನೋಡಿ ಕೇಳಿದ: "ಆಂಟಿ, ಇವತ್ತು ಯಾರ ಮದ್ವೇನೂ ಇಲ್ವಾ?"