ಜ್ವರದ ಪುಟ ಓದುವಾಗ ಪಕ್ಕದಲ್ಲಿ ಕ್ಯಾಲೆಂಡರ್ ಇರಲಿ

ರೋಗಗಳ ಕೈಪಿಡಿ ಕೈಗೆ ಬಂದರೆ ಹೆಚ್ಚಿನವರು ನೇರ ಲಕ್ಷಣಗಳ ಪುಟ ತೆರೆಯುತ್ತಾರೆ. ನಮ್ಮ ಉತ್ತರ ಕನ್ನಡ ಜಿಲ್ಲೆಯ ಜ್ವರಗಳಿಗೆ ಅದು ಸಾಲದು. ಮಂಗನ ಕಾಯಿಲೆ, ಇಲಿ ಜ್ವರ, ಡೆಂಗಿ ಮೂರೂ ಶುರುವಾಗುವುದು ಜ್ವರ, ತಲೆನೋವು, ಮೈಕೈ ನೋವಿನಿಂದಲೇ. ಗುರುತು ಹಿಡಿಯಲು ದಿನದ ಲೆಕ್ಕ ಬೇಕು.

ಪುಸ್ತಕ ತೆರೆಯುವ ಮೊದಲು ಒಂದು ಚೀಟಿಯಲ್ಲಿ ಜ್ವರ ಶುರುವಾದ ತಾರೀಖು ಬರೆಯಿರಿ. ಅದರ ಕೆಳಗೆ ಹಿಂದಿನ ಎರಡು ವಾರದ ಓಡಾಟ: ಸಿದ್ದಾಪುರ, ಶಿರಸಿ ಕಡೆಯವರಾದರೆ ದರಕು (ಒಣಗಿದ ಎಲೆ) ತರಲು ಬೆಟ್ಟಕ್ಕೆ ಹೋದದ್ದು, ಮಂಗನ ಕಾಯಿಲೆ ಹರಡುವ ಉಣುಗು (ಉಣ್ಣೆ ಹುಳ) ಕಚ್ಚಿದ್ದು, ಅಂಕೋಲಾ, ಕಾರವಾರದವರಾದರೆ ಇಲಿ ಜ್ವರ ತಗುಲಬಹುದಾದ ಮಳೆಗಾಲದ ಗದ್ದೆ ಕೆಸರಿನಲ್ಲಿ ಬರಿಗಾಲಲ್ಲಿ ನಿಂತದ್ದು.

ಈಗ ಪುಸ್ತಕದಲ್ಲಿ, ಸೋಂಕು ತಗುಲಿ ಎಷ್ಟು ದಿನಕ್ಕೆ ಜ್ವರ ಬರುತ್ತದೆ ಎಂಬ ಸಾಲು ಹುಡುಕಿ. ಮಂಗನ ಕಾಯಿಲೆಗೆ 3ರಿಂದ 8 ದಿನ. ಫೆಬ್ರುವರಿ 12ಕ್ಕೆ ಜ್ವರ ಬಂದಿದ್ದರೆ 4ರಿಂದ 9ರೊಳಗೆ ಬೆಟ್ಟಕ್ಕೆ ಹೋಗಿದ್ದರೇ ನೋಡಿ. ಇಲಿ ಜ್ವರಕ್ಕೆ ಸಾಮಾನ್ಯವಾಗಿ 5ರಿಂದ 14 ದಿನ; ಕೆಲವೊಮ್ಮೆ ತಿಂಗಳವರೆಗೂ ಹೋಗುತ್ತದೆ. ಮೀನಖಂಡ ಮುಟ್ಟಿದರೆ ತಡೆಯಲಾಗದ ನೋವು, ಕೆಂಪು ಕಣ್ಣು ಇದ್ದರೆ ಅದರ ಅನುಮಾನ ಬಲವಾಗುತ್ತದೆ.

ತಪ್ಪು ಹೆಚ್ಚಾಗಿ ಆಗುವುದು ರಕ್ತಪರೀಕ್ಷೆಯ ಭಾಗದಲ್ಲಿ. ಐಜಿಎಂ ಪರೀಕ್ಷೆ ಹುಡುಕುವುದು ರೋಗಾಣುವನ್ನಲ್ಲ, ಅದರ ವಿರುದ್ಧ ದೇಹ ತಯಾರಿಸುವ ಪ್ರತಿಕಾಯವನ್ನು. ಅದು ಹುಟ್ಟಲು ಸುಮಾರು 5 ದಿನ ಬೇಕು. ಎರಡನೇ ದಿನವೇ ಮಾಡಿಸಿ ನೆಗೆಟಿವ್ ಬಂತೆಂದು ಸುಮ್ಮನಾದರೆ ರೋಗ ಕೈತಪ್ಪುತ್ತದೆ. ಮೊದಲ ದಿನಗಳಲ್ಲಿ ವೈರಸ್ಸಿನ ಅಂಶವನ್ನೇ ಹುಡುಕುವ ಪರೀಕ್ಷೆ ಬೇಕು: ಮಂಗನ ಕಾಯಿಲೆಗೆ ಆರ್‌ಟಿಪಿಸಿಆರ್, ಡೆಂಗಿಗೆ ಎನ್‌ಎಸ್‌1. ಆದ್ದರಿಂದ ವರದಿಯ ಮೇಲೆ ಇದು ಜ್ವರದ ಎಷ್ಟನೇ ದಿನದ ರಕ್ತ ಎಂದು ಬರೆದಿಡಿ.

ಚಿಕಿತ್ಸೆಯ ಪುಟದಿಂದ ಔಷಧದ ಪ್ರಮಾಣ ನಕಲು ಮಾಡಬೇಡಿ. ತೂಕ, ಮೂತ್ರಪಿಂಡದ ಸ್ಥಿತಿ ನೋಡಿ ವೈದ್ಯರು ಅದನ್ನು ಬದಲಿಸುತ್ತಾರೆ. ಎಚ್ಚರಿಕೆಯ ಸಾಲುಗಳನ್ನು ಮಾತ್ರ ಬಿಡದೆ ಓದಿ. ಡೆಂಗಿ, ಮಂಗನ ಕಾಯಿಲೆಯ ಅನುಮಾನವಿದ್ದಾಗ ಆಸ್ಪಿರಿನ್, ಐಬುಪ್ರೊಫೆನ್ ಕೂಡದು, ರಕ್ತಸ್ರಾವ ಹೆಚ್ಚುತ್ತದೆ.

ಪುಸ್ತಕ ಅಚ್ಚಾದ ವರ್ಷವನ್ನೂ ನೋಡಿ. ಹಳೆಯ ಪುಸ್ತಕಗಳು ಮಂಗನ ಕಾಯಿಲೆಗೆ ಲಸಿಕೆ ಹಾಕಿಸಿಕೊಳ್ಳಿ ಎನ್ನುತ್ತವೆ. ಆ ಲಸಿಕೆ 2022ರಲ್ಲೇ ನಿಂತಿದೆ.

ಇನ್ನೊಂದು ಸಾಲಿಗೆ ಗೆರೆ ಎಳೆದಿಡಿ. ಮಂಗನ ಕಾಯಿಲೆಯಲ್ಲಿ ಕೆಲವರಿಗೆ ಜ್ವರ ಬಿಟ್ಟು, ಒಂದೆರಡು ವಾರದ ಮೇಲೆ ಮರುಕಳಿಸುತ್ತದೆ. ಆಗ ವಿಪರೀತ ತಲೆನೋವು, ಕುತ್ತಿಗೆ ಬಿಗಿತ, ಮಾತು ತಡವರಿಸುವುದು ಕಂಡರೆ ಅದೇ ಹೊತ್ತಿಗೆ ಆಸ್ಪತ್ರೆಗೆ ಹೊರಡಿ, ಮೊದಲ ಜ್ವರದ ತಾರೀಖಿರುವ ಚೀಟಿ ಜೊತೆಗಿರಲಿ.